ಆಡಿ ಮುಗಿದ ಆಟವನ್ನು ಮರಳಿ ಆಡಿದರೆ

ಆಗಿಹೋದುದನ್ನು ಕುರಿತು, 'ಹೀಗಾಗದೆ ಹಾಗಾಗಿದ್ದರೆ!' ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕದ ಮನುಷ್ಯನಿಲ್ಲ. ಎರಡೇ ಅಂಕಗಳಿಂದ ಪ್ರಥಮ ದರ್ಜೆಯನ್ನು ಕಳೆದುಕೊಂಡ ವಿದ್ಯಾರ್ಥಿ, ಕ್ಷಣಮಾತ್ರದಲ್ಲಿ ರೈಲು ತಪ್ಪಿದ ಪ್ರಯಾಣಿಕ, ಕೊನೆಯ ಓವರಿನಲ್ಲಿ ಸೋತ ತಂಡದ ಅಭಿಮಾನಿ, ಎಲ್ಲರೂ ಈ ಲೆಕ್ಕವನ್ನು ಹಾಕುವವರೇ. ತಿಳಿದವರು ಇದನ್ನು ವ್ಯರ್ಥಾಲಾಪವೆಂದು ಬದಿಗೊತ್ತುತ್ತಾರೆ. ಇತಿಹಾಸದಲ್ಲಿ 'ರೆ' ಎಂಬ ಪ್ರತ್ಯಯಕ್ಕೆ ಎಡೆಯಿಲ್ಲವೆಂಬುದು ಹಲವರ ಅಭಿಮತ. ಭೌತಶಾಸ್ತ್ರವನ್ನು ಬೋಧಿಸುವ ನಾನು ಈ ಅಭಿಮತವನ್ನು ಒಪ್ಪಲಾರೆ. 'ರೆ' ಎಂಬುದನ್ನು ಸರಿಯಾಗಿ ಪ್ರಯೋಗಿಸಲು ಕಲಿತವನು ನಡೆದುದನ್ನೂ ಹೆಚ್ಚು ಸರಿಯಾಗಿ ಅರಿಯುತ್ತಾನೆಂಬುದು ನನ್ನ ನಂಬುಗೆ. ಇದಕ್ಕೆ ಸಾಕ್ಷಿಯನ್ನು ದೂರದ ಅಮೆರಿಕದ ಒಂದು ಮೇಜಿನಾಟದಿಂದ ತರುತ್ತೇನೆ. ಇಸ್ಪೀಟಿನಂಥ ಕೆಲವು ಚೀಟಿಗಳು, ಎರಡು ಮೂರು ದಾಳಗಳು: ಇಷ್ಟೇ ಅದರ ಸಲಕರಣೆ.

ಬೇಸ್‌ಬಾಲಿಗೆ ಅಮೆರಿಕದಲ್ಲಿರುವ ಸ್ಥಾನವು ನಮ್ಮಲ್ಲಿ ಕ್ರಿಕೆಟ್ಟಿಗಿರುವಂಥದು. ಅಲ್ಲಿಯೂ ಒಬ್ಬನು ಚೆಂಡನ್ನು ಎಸೆಯುತ್ತಾನೆ. ಅವನನ್ನು ಪಿಚರ್ ಎನ್ನುತ್ತಾರೆ. ಎದುರಿಗಿರುವ ದಾಂಡಿಗನು ಅದನ್ನು ಹೊಡೆಯಲು ಯತ್ನಿಸುತ್ತಾನೆ. ಚೆಂಡನ್ನು ಹೊಡೆದು ಸುರಕ್ಷಿತವಾಗಿ ಮೊದಲ ನೆಲೆಯನ್ನೋ ಅದರ ಮುಂದಿನದನ್ನೋ ಸೇರಿದರೆ ಅದಕ್ಕೆ 'ಹಿಟ್' ಎಂದು ಹೆಸರು. ಇಲ್ಲವಾದರೆ ಸಾಮಾನ್ಯವಾಗಿ ಅವನು ಔಟಾಗುತ್ತಾನೆ. ದಾಂಡಿಗನ ಪ್ರತಿಯೊಂದು ಸರದಿಯೂ ಹೀಗೆ ಎಣಿಸಬಹುದಾದ ಕೆಲವೇ ಫಲಗಳಲ್ಲಿ ಒಂದಾಗಿ ಮುಗಿಯುತ್ತದೆ. ಆಟದ ಈ ಲಕ್ಷಣದಿಂದಲೇ ಅದನ್ನು ಅಂಕಿಗಳಲ್ಲಿ ಹಿಡಿದಿಡುವುದು ಸುಲಭವಾಗಿದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿಯವರು ಈ ಅಂಕಿಗಳನ್ನು ಶ್ರದ್ಧೆಯಿಂದ ಬರೆದಿಡುತ್ತ ಬಂದಿದ್ದಾರೆ.

ಆ ದಾಖಲೆಗಳನ್ನು ಆಟವನ್ನಾಗಿ ಮಾರ್ಪಡಿಸಿದವರಲ್ಲಿ ಇಬ್ಬರನ್ನು ಹೆಸರಿಸಬೇಕು. 1951ರಲ್ಲಿ ರಿಚರ್ಡ್ ಸೈಟ್ಸ್ ಎಂಬಾತನು 'ಆಪ್‌ಬಾ' ಎಂಬ ಆಟವನ್ನೂ, 1961ರಲ್ಲಿ ಹಾಲ್ ರಿಚ್‌ಮನ್ ಎಂಬಾತನು 'ಸ್ಟ್ರಾಟ್-ಓ-ಮ್ಯಾಟಿಕ್' ಎಂಬ ಆಟವನ್ನೂ ಮಾರಾಟಕ್ಕೆ ತಂದರು. ಎರಡರಲ್ಲಿಯೂ ಪ್ರತಿಯೊಬ್ಬ ಆಟಗಾರನಿಗೂ ಒಂದೊಂದು ಚೀಟಿ ಉಂಟು. ಆತನು ಒಂದು ವರ್ಷದಲ್ಲಿ ನಿಜವಾಗಿ ಆಡಿದ ರೀತಿಯನ್ನು ಅನುಸರಿಸಿ ಆ ಚೀಟಿಯಲ್ಲಿ ಫಲಗಳನ್ನು ಹಂಚಿರುತ್ತಾರೆ. ಆಪ್‌ಬಾದಲ್ಲಿ ಎರಡು ದಾಳಗಳನ್ನು ಎಸೆದು, ಒಂದನ್ನು ಹತ್ತರ ಸ್ಥಾನದಲ್ಲಿಯೂ ಇನ್ನೊಂದನ್ನು ಬಿಡಿಯ ಸ್ಥಾನದಲ್ಲಿಯೂ ಓದಬೇಕು. ಆಗ 11ರಿಂದ 66ರವರೆಗೆ ಒಟ್ಟು 36 ಫಲಗಳು ದೊರೆಯುತ್ತವೆ, ಎಲ್ಲವೂ ಸಮಸಂಭವ.

ಸ್ಟ್ರಾಟ್-ಓ-ಮ್ಯಾಟಿಕ್‌ನ ಏರ್ಪಾಡು ಇನ್ನೂ ಸ್ವಾರಸ್ಯಕರವಾದುದು. ಅದರಲ್ಲಿ ಮೂರು ದಾಳಗಳು. ಮೊದಲನೆಯದರಲ್ಲಿ 1, 2 ಅಥವಾ 3 ಬಿದ್ದರೆ ದಾಂಡಿಗನ ಚೀಟಿಯನ್ನೂ, 4, 5 ಅಥವಾ 6 ಬಿದ್ದರೆ ಪಿಚರನ ಚೀಟಿಯನ್ನೂ ನೋಡಬೇಕು. ಉಳಿದೆರಡು ದಾಳಗಳ ಮೊತ್ತವು ಚೀಟಿಯಲ್ಲಿ ಯಾವ ಸಾಲನ್ನು ಓದಬೇಕೆಂದು ತಿಳಿಸುತ್ತದೆ. ಮೊತ್ತವು 7 ಆಗಲು 36ರಲ್ಲಿ ಆರು ಮಾರ್ಗಗಳಿವೆ. 12 ಆಗಲು ಒಂದೇ ಮಾರ್ಗ. ಆದುದರಿಂದ ಬಲ್ಲಿದ ದಾಂಡಿಗನ ಚೀಟಿಯಲ್ಲಿ 7ರ ಆಸುಪಾಸಿನಲ್ಲಿ ಹಿಟ್‌ಗಳನ್ನು ಬರೆದು, ಅಪರೂಪದ ಸಂಗತಿಗಳನ್ನು 2ರ ಅಥವಾ 12ರ ಬಳಿಗೆ ತಳ್ಳಿದರೆ ಸಾಕು, ಕಾಗದದ ತುಣುಕೊಂದು ಮನುಷ್ಯನ ಸಾಮರ್ಥ್ಯವನ್ನು ಬಲುಮಟ್ಟಿಗೆ ಅನುಕರಿಸುತ್ತದೆ. ಸಂಭಾವ್ಯತಾ ಗಣಿತವನ್ನು ಇದಕ್ಕಿಂತ ಸರಳವಾಗಿ ಕಲಿಸುವ ಉಪಕರಣವನ್ನು ನಾನಂತೂ ಕಂಡಿಲ್ಲ.

ಈ ಚೀಟಿಗಳನ್ನು ಹಿಡಿದು ಕುಳಿತ ಹವ್ಯಾಸಿಗಳು ಹಳೆಯ ವರ್ಷಗಳನ್ನು ಇಡಿಯಾಗಿ ಮರಳಿ ಆಡುತ್ತಾರೆ. ಉದಾಹರಣೆಗೆ 1941ನೆಯ ವರ್ಷ. ಆಗ ಎರಡು ಮಂಡಲಿಗಳಲ್ಲಿ ಎಂಟೆಂಟು ತಂಡಗಳಿದ್ದವು. ಪ್ರತಿ ತಂಡಕ್ಕೂ 154 ಪಂದ್ಯಗಳು ಗೊತ್ತಾಗಿದ್ದವು. ಎಂದರೆ ಒಟ್ಟು 1,232 ಪಂದ್ಯಗಳು. ಇವೆಲ್ಲವನ್ನೂ ದಾಳ ಎಸೆದೆಸೆದು ಆಡಿ ಮುಗಿಸುವ ತಾಳ್ಮೆಗೆ ನಾವು ಬೆರಗಾಗಬಹುದು. ಆದರೆ ನಮಗೆ ಮುಖ್ಯವಾದುದು ಅವರು ಕಾಣುವ ಫಲ. ಮರಳಿ ಆಡಿದಾಗ ಇತಿಹಾಸವು ಮರುಕಳಿಸುವುದಿಲ್ಲ. ಗೆದ್ದವರು ಸೋಲುತ್ತಾರೆ, ಹಿಂದುಳಿದವರು ಮುಂದೆ ಬರುತ್ತಾರೆ. ಆಟಗಾರರು ಅವರೇ, ಸಾಮರ್ಥ್ಯವೂ ಅದೇ; ಫಲ ಮಾತ್ರ ಬೇರೆ.

ಇಲ್ಲಿ ಒಂದು ಪ್ರಮಾದಕ್ಕೆ ಅವಕಾಶವಿದೆ. 1994ರ ಸಂಗತಿಯಿಂದ ಅದನ್ನು ವಿಶದಪಡಿಸುತ್ತೇನೆ. ಆ ವರ್ಷದ ಆಗಸ್ಟ್ 12ರಂದು ಆಟಗಾರರು ಮುಷ್ಕರ ಹೂಡಿದರು. ಉಳಿದ ಪಂದ್ಯಗಳು ನಿಂತುಹೋದವು. ವರ್ಷಾಂತ್ಯದ 'ವರ್ಲ್ಡ್ ಸೀರೀಸ್' ಎಂಬ ಅಂತಿಮ ಸರಣಿಯೂ ರದ್ದಾಯಿತು. ಹಾಗಾದುದು 1904ರ ಬಳಿಕ ಅದೇ ಮೊದಲು. ಮುಷ್ಕರ ಆರಂಭವಾದಾಗ ಎಲ್ಲರಿಗಿಂತ ಮುಂದಿದ್ದುದು ಕೆನಡ ದೇಶದ ಮಾಂಟ್ರಿಯಲ್ ನಗರದ ಎಕ್ಸ್‌ಪೋಸ್ ತಂಡ: 74 ಗೆಲುವು, 40 ಸೋಲು. ಮುಂದೆ 2005ರಲ್ಲಿ ಆ ತಂಡವು ಮಾಂಟ್ರಿಯಲನ್ನೇ ಬಿಟ್ಟು ವಾಷಿಂಗ್ಟನ್ ನಗರಕ್ಕೆ ಹೋಯಿತು. 'ಮುಷ್ಕರವಾಗದಿದ್ದರೆ ನಮ್ಮವರೇ ಗೆಲ್ಲುತ್ತಿದ್ದರು' ಎಂಬ ಅಳಲು ಅಭಿಮಾನಿಗಳಲ್ಲಿ ಉಳಿದುದು ಸಹಜವೇ. ಆಡದೆ ಉಳಿದ ಪಂದ್ಯಗಳನ್ನು ಮೇಜಿನ ಮೇಲೆ ಆಡಿ ಅವರನ್ನು ಗೆಲ್ಲಿಸಿ ಸಮಾಧಾನಪಡುವುದೂ ಸಹಜವೇ.

ಆದರೆ ಹೀಗೆ ಒಮ್ಮೆ ಆಡಿ ಗೆಲ್ಲಿಸಿದುದರಿಂದ ಏನು ಸಿದ್ಧವಾಯಿತು? ಏನೂ ಇಲ್ಲ. ಇತಿಹಾಸದ ಒಂದು ಎಸೆತದ ಬದಲಿಗೆ ನಮ್ಮ ಒಂದು ಎಸೆತ ಸಿಕ್ಕಿತು, ಅಷ್ಟೆ. ಸತ್ಯಾಂಶ ಬೇಕಾದರೆ ಲೆಕ್ಕ ಮಾಡಿ ನೋಡೋಣ. ಎಕ್ಸ್‌ಪೋಸ್ ತಂಡವು ಯಾವ ಎದುರಾಳಿಯನ್ನಾದರೂ ಹತ್ತರಲ್ಲಿ ಆರು ಸಲ ಸೋಲಿಸಬಲ್ಲುದೆಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಆ ವರ್ಷ ಗೊತ್ತಾಗಿದ್ದ ಕ್ರಮದಂತೆ ಪದವಿ ದೊರೆಯಲು ಮೂರು ಸರಣಿಗಳನ್ನು ಗೆಲ್ಲಬೇಕಾಗಿತ್ತು: ಐದು ಪಂದ್ಯಗಳದೊಂದು, ಏಳು ಪಂದ್ಯಗಳವೆರಡು. ಐದರ ಸರಣಿಯಲ್ಲಿ ಅದು ಗೆಲ್ಲುವ ಸಂಭಾವ್ಯತೆ 0.683, ಏಳರ ಸರಣಿಯಲ್ಲಿ 0.710. ಮೂರನ್ನೂ ಗುಣಿಸಿದರೆ ಸುಮಾರು 0.34. ಎಂದರೆ ಎಲ್ಲರಿಗಿಂತ ಬಲಿಷ್ಠವೆಂದು ನಾವೇ ಒಪ್ಪಿಕೊಂಡ ತಂಡವು ಮೂರು ಸಲ ಮರಳಿ ಆಡಿದರೆ ಸರಿಸುಮಾರು ಎರಡು ಸಲ ಪದವಿಯನ್ನು ಕಳೆದುಕೊಳ್ಳುತ್ತದೆ! ಉತ್ತಮನೇ ಗೆಲ್ಲುವನು, ಗೆದ್ದವನೇ ಉತ್ತಮನು ಎಂಬ ನಮ್ಮ ದಿನನಿತ್ಯದ ನಂಬಿಕೆ ಎಷ್ಟು ಸಡಿಲವಾದ ತಳಹದಿಯ ಮೇಲೆ ನಿಂತಿದೆಯೆಂಬುದನ್ನು ಗಮನಿಸಿರಿ.

ಹಾಗಾದರೆ ಮಾರ್ಗವೇನು? ಒಮ್ಮೆಯಲ್ಲ, ಸಾವಿರಾರು ಸಲ ಆಡಬೇಕು. ಈ ಉಪಾಯದ ಹುಟ್ಟೂ ಆಟದಿಂದಲೇ ಆಯಿತೆಂಬುದು ಸೋಜಿಗ. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದನು. ಈ ಆಟ ಗೆಲ್ಲುವ ಸಂಭಾವ್ಯತೆ ಎಷ್ಟು ಎಂದು ಸೂತ್ರಗಳಿಂದ ಕಂಡುಹಿಡಿಯಲು ಹೊರಟು ಬೇಸತ್ತು, ನೂರಾರು ಸಲ ಆಡಿ ಗೆದ್ದುದನ್ನು ಎಣಿಸುವುದೇ ಸುಲಭವಲ್ಲವೇ ಎಂದು ಯೋಚಿಸಿದನು. ಆ ಯೋಚನೆಯನ್ನು ಆತನೂ ಜಾನ್ ಫಾನ್ ನಾಯ್ಮನ್ನನೂ ಪರಮಾಣು ಸಂಶೋಧನೆಯಲ್ಲಿ ನ್ಯೂಟ್ರಾನುಗಳ ಚಲನೆಗೆ ಅನ್ವಯಿಸಿದರು. ಜೂಜಿಗೆ ಹೆಸರಾದ ಊರಿನ ನೆನಪಿನಿಂದ ಅದಕ್ಕೆ 'ಮಾಂಟೆ ಕಾರ್ಲೊ ವಿಧಾನ'ವೆಂದು ಹೆಸರಾಯಿತು. ಇಂದು ಭೌತಶಾಸ್ತ್ರದಲ್ಲಿ ಅದು ಪ್ರವೇಶಿಸದ ಶಾಖೆ ವಿರಳ. ಅದರ ನಿಯಮ ಸರಳ: ಆಟಗಳ ಸಂಖ್ಯೆಯನ್ನು ನೂರು ಮಡಿ ಹೆಚ್ಚಿಸಿದರೆ ಉತ್ತರದ ಅನಿಶ್ಚಿತತೆ ಹತ್ತು ಮಡಿ ಕುಗ್ಗುತ್ತದೆ.

ಬೇಸ್‌ಬಾಲಿನ ಅತ್ಯಂತ ಹೆಸರಾಂತ ದಾಖಲೆಯೊಂದನ್ನು ಈ ವಿಧಾನದಿಂದ ಪರೀಕ್ಷಿಸಿದ್ದಾರೆ. 1941ರ ಮೇ 15ರಿಂದ ಜೋ ಡಿಮ್ಯಾಜಿಯೊ ಎಂಬ ದಾಂಡಿಗನು ಎಡೆಬಿಡದೆ 56 ಪಂದ್ಯಗಳಲ್ಲಿ, ಪ್ರತಿಯೊಂದರಲ್ಲಿಯೂ ಒಂದಾದರೂ ಹಿಟ್ ಗಳಿಸಿದನು. ಜುಲೈ 17ರಂದು ಕ್ಲೀವ್‌ಲೆಂಡ್ ನಗರದಲ್ಲಿ ಸರಪಣಿ ಕಡಿಯಿತು. ಆ ದಿನ ಕೆನ್ ಕೆಲ್ಟ್ನರ್ ಎಂಬ ಕ್ಷೇತ್ರರಕ್ಷಕನು ಅವನ ಎರಡು ಬಿರುಸಾದ ಹೊಡೆತಗಳನ್ನು ತಡೆದುಬಿಟ್ಟನು. ಮರುದಿನದಿಂದ ಡಿಮ್ಯಾಜಿಯೊ ಮತ್ತೆ 16 ಪಂದ್ಯಗಳಲ್ಲಿ ಹಿಟ್ ಗಳಿಸುತ್ತ ಹೋದನು. ಇಂಥ ಸಾಧನೆ ಗಣಿತಕ್ಕೆ ನಿಲುಕದ ಪವಾಡವೆಂಬ ಮಾತು ಹಲವು ಕಾಲ ನಡೆದುಬಂದಿತು.

ಮೇಲುನೋಟಕ್ಕೆ ಲೆಕ್ಕವೂ ಹಾಗೆಯೇ ಹೇಳುತ್ತದೆ. ಆ ವರ್ಷ ಡಿಮ್ಯಾಜಿಯೊನ ಸರಾಸರಿ 0.357. ಪಂದ್ಯಕ್ಕೆ ನಾಲ್ಕು ಸರದಿಗಳೆಂದು ಹಿಡಿದರೆ, ನಾಲ್ಕರಲ್ಲಿಯೂ ವಿಫಲನಾಗುವ ಸಂಭಾವ್ಯತೆ 0.643ರ ನಾಲ್ಕನೆಯ ಘಾತ, ಎಂದರೆ 0.171. ಆದ ಕಾರಣ ಪಂದ್ಯವೊಂದರಲ್ಲಿ ಹಿಟ್ ಗಳಿಸುವ ಸಂಭಾವ್ಯತೆ 0.829. ಇದರ 56ನೆಯ ಘಾತವು 36,000ದಲ್ಲಿ ಸುಮಾರು ಒಂದು. ಪವಾಡವೆನ್ನಲು ಇನ್ನೇನು ಬೇಕು?

ಬೇಕಾದುದು ಪ್ರಶ್ನೆಯನ್ನು ಸರಿಯಾಗಿ ಕೇಳುವ ವಿವೇಕ. ಈ ಲೆಕ್ಕವು ಒಬ್ಬನೇ ಆಟಗಾರನಿಗೆ, ಗೊತ್ತಾದ ಒಂದೇ ದಿನದಿಂದ ಆರಂಭವಾಗುವ ಸರಪಣಿಗೆ ಸಂಬಂಧಿಸಿದುದು. ಇತಿಹಾಸದಲ್ಲಿಯಾದರೋ ಸಾವಿರಾರು ದಾಂಡಿಗರು ನೂರಕ್ಕೂ ಹೆಚ್ಚು ವರ್ಷ ಆಡಿದ್ದಾರೆ. ಅವರಲ್ಲಿ ಯಾರಾದರೂ, ಯಾವ ದಿನವಾದರೂ ಆರಂಭಿಸಬಹುದಿತ್ತು. 2008ರಲ್ಲಿ ಸ್ಯಾಮ್ಯುಯೆಲ್ ಆರ್ಬ್ಸ್‌ಮನ್ ಮತ್ತು ಗಣಿತಜ್ಞ ಸ್ಟೀವನ್ ಸ್ಟ್ರೊಗಾಟ್ಸ್ ಇಬ್ಬರೂ ಬೇಸ್‌ಬಾಲಿನ ಸಮಗ್ರ ಇತಿಹಾಸವನ್ನೇ ಗಣಕಯಂತ್ರದಲ್ಲಿ 10,000 ಸಲ ಮರಳಿ ಆಡಿಸಿ, ಪ್ರತಿಯೊಂದು ಇತಿಹಾಸದಲ್ಲಿಯೂ ಅತ್ಯಂತ ಉದ್ದವಾದ ಸರಪಣಿ ಯಾವುದೆಂದು ನೋಡಿದರು. ನೂರರಲ್ಲಿ 42ಕ್ಕೂ ಹೆಚ್ಚು ಇತಿಹಾಸಗಳಲ್ಲಿ ಯಾರಾದರೊಬ್ಬನು 56 ಪಂದ್ಯಗಳ ಸರಪಣಿಯನ್ನು ಮುಟ್ಟಿದ್ದನು ಅಥವಾ ದಾಟಿದ್ದನು. ಹಾಗಾದರೆ ಇಂಥ ದಾಖಲೆ ಎಂದಾದರೊಮ್ಮೆ ಆಗುವುದು ಪವಾಡವಲ್ಲ. ಆದರೆ ಅದು ಹೆಚ್ಚಾಗಿ ಕಾಣಿಸಿಕೊಂಡುದು ಹಿಟ್‌ಗಳು ಸಮೃದ್ಧವಾಗಿದ್ದ ಹತ್ತೊಂಬತ್ತನೆಯ ಶತಮಾನದ ಕೊನೆಯ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. 1941ರಲ್ಲಿ, ಡಿಮ್ಯಾಜಿಯೊನಿಂದ ಆಗುವುದೇ ಅಪರೂಪ. 'ಇದು ಹೇಗೆ ಸಾಧ್ಯವಾಯಿತು?' ಎಂಬುದಕ್ಕೆ ಬದಲಾಗಿ 'ಇದು ಈತನಿಂದ, ಈಗೇಕೆ ಆಯಿತು?' ಎಂಬುದೇ ಕೇಳತಕ್ಕ ಪ್ರಶ್ನೆಯೆಂದು ಈ ಮರಳಿ ಆಡಿದ ಆಟವು ತೋರಿಸಿಕೊಟ್ಟಿತು. ಪ್ರಶ್ನೆಯನ್ನು ತಿದ್ದಿಕೊಟ್ಟ ಆಟವನ್ನು ಕಾಲಹರಣವೆನ್ನಲಾದೀತೇ?

ಇನ್ನು 'ರೆ'ಯ ವಿಷಯ. ಇತಿಹಾಸದಲ್ಲಿ ಅದಕ್ಕೆ ಎಡೆಯಿಲ್ಲವೆನ್ನುವವರು ತಾವೇ ಅದನ್ನು ಮರೆಯಲ್ಲಿ ಬಳಸುತ್ತಿರುತ್ತಾರೆ. 'ಇಂಥವನಿಂದ ಸೋಲಾಯಿತು' ಎಂದರೆ ಅರ್ಥವೇನು? ಅವನು ತಪ್ಪದಿದ್ದರೆ ಗೆಲುವಾಗುತ್ತಿತ್ತು ಎಂದಲ್ಲವೇ? ಕಾರಣವನ್ನು ಹೇಳುವ ಮಾತಿನ ಹೊಟ್ಟೆಯಲ್ಲಿ ಒಂದು 'ರೆ' ಅಡಗಿರುತ್ತದೆ. ಅಡಗಿರುವುದನ್ನು ಹೊರಗೆಳೆದು ಎಣಿಸದಿದ್ದರೆ ಎಂಥ ಅನ್ಯಾಯವಾಗುತ್ತದೆಂಬುದಕ್ಕೆ ಬಿಲ್ ಬಕ್ನರ್ ಎಂಬ ಆಟಗಾರನ ಬಾಳು ನಿದರ್ಶನ.

1986ರ ಅಕ್ಟೋಬರ್ 25. ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ ನ್ಯೂಯಾರ್ಕಿನಲ್ಲಿ ನಡೆಯುತ್ತಿತ್ತು. ಬಾಸ್ಟನ್ ತಂಡವು ಮೂರು ಪಂದ್ಯಗಳನ್ನು, ನ್ಯೂಯಾರ್ಕ್ ಮೆಟ್ಸ್ ತಂಡವು ಎರಡನ್ನು ಗೆದ್ದಿದ್ದವು. 1918ರಿಂದ ಪದವಿ ಕಾಣದ ಬಾಸ್ಟನ್ನಿಗೆ ಇನ್ನೊಂದೇ ಗೆಲುವು ಸಾಕಿತ್ತು. ಹತ್ತನೆಯ ಇನ್ನಿಂಗ್ಸಿನಲ್ಲಿ ಅದು 5-3ರಿಂದ ಮುಂದಿತ್ತು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು, ನೆಲೆಗಳಲ್ಲಿ ಯಾರೂ ಇರಲಿಲ್ಲ. ಇನ್ನೊಬ್ಬನು ಔಟಾದರೆ ಆಟ ಮುಗಿಯಿತು. ಆಗ ಮೆಟ್ಸ್ ದಾಂಡಿಗರು ಒಬ್ಬರ ಹಿಂದೊಬ್ಬರಂತೆ ಮೂರು ಹಿಟ್ ಗಳಿಸಿದರು. ಅಂಕವು 5-4 ಆಯಿತು. ಅನಂತರ ಪಿಚರನ ಒಂದು ಎಸೆತ ಗುರಿತಪ್ಪಿ ಹಿಂದಕ್ಕೆ ಸರಿದುಹೋಗಿ 5-5 ಆಯಿತು. ಇಷ್ಟೆಲ್ಲ ಆದಮೇಲೆ, ನೆಲದ ಮೇಲೆ ಉರುಳುತ್ತ ಬಂದ ಚೆಂಡೊಂದು ಬಕ್ನರನ ಕಾಲುಗಳ ನಡುವೆ ನುಸುಳಿಹೋಯಿತು. ಮೆಟ್ಸ್ 6-5ರಿಂದ ಗೆದ್ದರು. ಎರಡು ದಿನಗಳ ಬಳಿಕ ನಡೆದ ಏಳನೆಯ ಪಂದ್ಯವನ್ನೂ 8-5ರಿಂದ ಗೆದ್ದು ಪದವಿಗೇರಿದರು.

ಜನರ ನೆನಪಿನಲ್ಲಿ ಉಳಿದುದು ಆ ಕಾಲುಗಳ ನಡುವಿನ ಚೆಂಡು ಮಾತ್ರ. 22 ವರ್ಷ ಆಡಿ 2,715 ಹಿಟ್ ಗಳಿಸಿದ್ದವನು 'ಪದವಿ ಕಳೆದವನು' ಎಂಬ ಒಂದೇ ಹೆಸರಿಗೆ ಗುರಿಯಾಗಿ ವರ್ಷಗಟ್ಟಲೆ ಮೂದಲಿಕೆಯನ್ನು ಸಹಿಸಬೇಕಾಯಿತು.

ಆ ಕ್ಷಣದಿಂದ ಆಟವನ್ನು ಮರಳಿ ಆಡೋಣ. ಎರಡು ತಂಡಗಳೂ ಸಮಬಲರೆಂದು ಹಿಡಿಯೋಣ. ಬಕ್ನರ್ ಚೆಂಡನ್ನು ಹಿಡಿದು ದಾಂಡಿಗನನ್ನು ಔಟು ಮಾಡಿದನೆಂದೇ ಇಟ್ಟುಕೊಳ್ಳಿರಿ. ಆಗಲೂ ಬಾಸ್ಟನ್ ಗೆದ್ದಂತಲ್ಲ. ಅಂಕ ಸಮವಾಗಿದ್ದುದರಿಂದ ಆಟ ಹನ್ನೊಂದನೆಯ ಇನ್ನಿಂಗ್ಸಿಗೆ ಹೋಗುತ್ತಿತ್ತು. ಅಲ್ಲಿ ಗೆಲ್ಲುವ ಸಂಭಾವ್ಯತೆ ಅರ್ಧ. ಸೋತರೂ ಏಳನೆಯ ಪಂದ್ಯದಲ್ಲಿ ಮತ್ತೆ ಅರ್ಧ. ಒಟ್ಟು ಮುಕ್ಕಾಲು. ಹಿಡಿಯದೆ ಹೋದುದರಿಂದ ಉಳಿದುದು ಏಳನೆಯ ಪಂದ್ಯದ ಅರ್ಧ. ಹಾಗಾದರೆ ಬಕ್ನರನು ಕಳೆದುದು ಹೆಚ್ಚೆಂದರೆ ಪದವಿಯ ಕಾಲು ಭಾಗ. ಆತನ ಬಳಿಗೆ ಚೆಂಡು ಬರುವುದಕ್ಕೆ ಮುಂಚೆಯೇ ಬಾಸ್ಟನ್ನಿನ ಸಂಭಾವ್ಯತೆ ಹೆಚ್ಚುಕಡಿಮೆ ಒಂದರಿಂದ ಮುಕ್ಕಾಲಿಗೆ ಅಥವಾ ಅದಕ್ಕೂ ಕೆಳಗೆ ಇಳಿದಿತ್ತು. ಆ ಕಾಲು ಭಾಗದಲ್ಲಿ ಅವನ ಪಾಲಿರಲಿಲ್ಲ. ಉಳಿದ ಅರ್ಧವನ್ನು ಇಡೀ ತಂಡವು ಏಳನೆಯ ಪಂದ್ಯದಲ್ಲಿ ಒಟ್ಟಾಗಿ ಕಳೆಯಿತು. ಸಾಮಾನ್ಯ ಭಿನ್ನರಾಶಿಗಳಿಂದ ಮಾಡಬಹುದಾಗಿದ್ದ ಈ ಲೆಕ್ಕವನ್ನು ಮಾಡದೆ, ಪೂರ್ಣಾಂಕವನ್ನು ಒಬ್ಬನ ತಲೆಗೆ ಕಟ್ಟಿದರು. 2004ರಲ್ಲಿ ಬಾಸ್ಟನ್ ಕೊನೆಗೂ ಪದವಿ ಪಡೆಯಿತು. 2008ರ ಏಪ್ರಿಲ್‌ನಲ್ಲಿ ಬಕ್ನರನನ್ನು ತವರಿನ ಕ್ರೀಡಾಂಗಣಕ್ಕೆ ಕರೆಸಿದಾಗ ಜನಸ್ತೋಮವು ಎದ್ದುನಿಂತು ಕರತಾಡನ ಮಾಡಿತು. ಆತನು 2019ರಲ್ಲಿ ತೀರಿಕೊಂಡನು.

ಈ ಆಟಗಳ ಮಿತಿಯನ್ನೂ ಹೇಳದಿದ್ದರೆ ನಾನು ಪಕ್ಷಪಾತಿಯಾದೇನು. ದಾಳಕ್ಕೆ ದಣಿವಿಲ್ಲ, ಭಯವಿಲ್ಲ, ಹುರುಪಿಲ್ಲ. ಬಕ್ನರನ ಕಾಲುಗಳು ನೋಯುತ್ತಿದ್ದುದು ಚೀಟಿಗೆ ಗೊತ್ತಾಗದು. ನಾಲ್ಕು ಸರದಿಗಳೂ ಒಂದೇ ಬಗೆಯವು, ನಿನ್ನೆಯ ಫಲದ ನೆರಳು ಇಂದಿನದರ ಮೇಲೆ ಬೀಳದು ಎಂದು ನಾವು ಇಟ್ಟುಕೊಂಡುದನ್ನೇ ಅದು ಹಿಂದಿರುಗಿಸುತ್ತದೆ. ನಾವು ಕೊಡದುದನ್ನು ಅದು ಕೊಡಲಾರದು. ಘರ್ಷಣೆಯಿಲ್ಲದ ಇಳಿಜಾರನ್ನು ನಾವು ಪುಸ್ತಕದಲ್ಲಿ ಕಲ್ಪಿಸಿಕೊಳ್ಳುವುದಿಲ್ಲವೇ? ಅಂಥ ಇಳಿಜಾರು ಲೋಕದಲ್ಲಿಲ್ಲ. ಆದರೂ ನಿಜವಾದ ಚಲನೆಯು ಅದರಿಂದ ಎಷ್ಟು ದೂರ ಸರಿದಿದೆಯೆಂದು ನೋಡಿಯೇ ಘರ್ಷಣೆಯನ್ನು ಅಳೆಯುತ್ತೇವೆ. ಹಾಗೆಯೇ ಯದೃಚ್ಛೆಯಿಂದ ಎಷ್ಟಾಗಬಹುದೆಂಬುದನ್ನು ದಾಳವು ತಿಳಿಸುತ್ತದೆ. ಅದನ್ನು ಮೀರಿ ಏನಾದರೂ ಉಳಿದರೆ, ಅಲ್ಲಿ ಮನುಷ್ಯನ ಧೈರ್ಯವನ್ನೋ ದಣಿವನ್ನೋ ಹುಡುಕಬಹುದು.

ವಿದ್ಯಾರ್ಥಿಗಳೇ, ನನ್ನ ಮಾತನ್ನು ನಂಬಬೇಡಿರಿ, ಮಾಡಿ ನೋಡಿರಿ. ಲೂಡೋ ಪೆಟ್ಟಿಗೆಯ ಒಂದು ದಾಳ ಸಾಕು. 1, 2, 3 ಬಿದ್ದರೆ ಎಕ್ಸ್‌ಪೋಸ್ ತಂಡಕ್ಕೆ ಗೆಲುವು. 4, 5 ಬಿದ್ದರೆ ಸೋಲು. 6 ಬಿದ್ದರೆ ಮತ್ತೊಮ್ಮೆ ಎಸೆಯಿರಿ. ಮೊದಲ ಸರಣಿಯಲ್ಲಿ ಮೂರು ಗೆಲುವು, ಮುಂದಿನ ಎರಡರಲ್ಲಿ ನಾಲ್ಕು ನಾಲ್ಕು ಗೆಲುವು ಎದುರಾಳಿಗಿಂತ ಮೊದಲು ದೊರೆತರೆ ಪದವಿ. ಹೀಗೆ ಮೂವತ್ತು ವರ್ಷಗಳನ್ನು ಆಡಿರಿ. ಪದವಿ ಸುಮಾರು ಹತ್ತು ಸಲ ದೊರೆಯಬೇಕು; ನಿಮಗೆ ಏಳೂ ದೊರೆಯಬಹುದು, ನಿಮ್ಮ ಗೆಳೆಯನಿಗೆ ಹದಿಮೂರೂ ದೊರೆಯಬಹುದು. ಇಬ್ಬರ ದಾಳವೂ ಒಂದೇ ಆಗಿದ್ದು ಫಲ ಬೇರೆಯಾದುದು ಏಕೆಂದು ಅಲ್ಲಿಯೇ ಕುಳಿತು ಚರ್ಚಿಸಿರಿ. ಪಾಠಪುಸ್ತಕದ ಒಂದು ಅಧ್ಯಾಯ ಕಲಿಸದುದನ್ನು ಆ ಚರ್ಚೆ ಕಲಿಸೀತು.

ಲೋಲಕದ ಕಾಲವನ್ನು ಒಂದೇ ಸಲ ಅಳೆದು ಬರೆದು ತಂದ ದಾಖಲೆಪುಸ್ತಕವನ್ನು ನಾನು ಹಿಂದಿರುಗಿಸುತ್ತೇನೆ. ಇನ್ನೂ ಹಲವು ಸಲ ಅಳೆದು ತಾ ಎನ್ನುತ್ತೇನೆ. ಒಂದು ಅಳತೆಯಲ್ಲಿ ನಿಜವೆಷ್ಟು, ಕೈಯ ಅದುರುವಿಕೆಯೆಷ್ಟು ಎಂದು ಬೇರ್ಪಡಿಸಲಾಗದೆಂಬುದೇ ಕಾರಣ. ಆದರೆ ಅದೇ ಹುಡುಗನನ್ನು ನಾವು ವರ್ಷಕ್ಕೊಂದು ಪರೀಕ್ಷೆಯಿಂದ, ಅದರಲ್ಲಿ ಬಂದ ಒಂದು ಅಂಕಿಯಿಂದ ಅಳೆದು, ಜಾಣನೆಂದೋ ದಡ್ಡನೆಂದೋ ತೀರ್ಮಾನಿಸಿಬಿಡುತ್ತೇವೆ. ಎರಡು ಅಂಕ ಕಡಿಮೆಯಾದ ಆತನೂ ತನ್ನನ್ನು ಹಾಗೆಯೇ ತೀರ್ಮಾನಿಸಿಕೊಂಡು ಕುಗ್ಗುತ್ತಾನೆ. ಲೋಲಕಕ್ಕೆ ತೋರುವ ನ್ಯಾಯವನ್ನು ಮನುಷ್ಯನಿಗೆ ತೋರದಿರುವುದು ವಿಜ್ಞಾನವನ್ನು ಕಲಿತವರಿಗೆ ಒಪ್ಪುವ ನಡತೆಯಲ್ಲ. ಫಲಿತಾಂಶದ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗ, ಈ ಪರೀಕ್ಷೆಯನ್ನು ಮೂವತ್ತು ಸಲ ಮರಳಿ ಆಡಿದ್ದರೆ ಏನಾಗುತ್ತಿತ್ತೆಂದು ವಿದ್ಯಾರ್ಥಿಯೂ ಅಧ್ಯಾಪಕನೂ ಒಮ್ಮೆ ಕೇಳಿಕೊಳ್ಳಲಿ. ಪಟ್ಟಿ ಬದಲಾಗದು. ಅದನ್ನು ಓದುವ ರೀತಿ ಬದಲಾದೀತು.